ಹೆಬ್ಬಾವನ್ನು ಮಾತಾಡಿಸಲು ಬಂದವರು

ಆಳಂದದ ನಮ್ಮ ಮನೆಯಲ್ಲಿ ನಾನೊಂದು ಬಾಲ್ ಪೈಥಾನ್ ಸಾಕಿದ್ದೇನೆ. ಹೆದರಿದರೆ ತಲೆಯನ್ನು ಒಳಗಿಟ್ಟು ಚೆಂಡಿನಂತೆ ಸುತ್ತಿಕೊಳ್ಳುವ, ವಿಷವಿಲ್ಲದ, ಮಹಾ ಪುಕ್ಕಲು ಹೆಬ್ಬಾವು. ಗಾಜಿನ ಪೆಟ್ಟಿಗೆಯ ಒಂದು ಕಡೆ ಬೆಚ್ಚಗೆ, ಇನ್ನೊಂದು ಕಡೆ ತಂಪು, ಎರಡೂ ಕಡೆ ಅಡಗಿಕೊಳ್ಳಲು ಮಡಕೆ, ಎಲ್ಲವನ್ನೂ ಸರಿಯಾಗಿಯೇ ಇಟ್ಟಿದ್ದೆ. ಆದರೂ ಕಳೆದ ವರ್ಷ ಅದು ಇಲಿ ಮುಟ್ಟುವುದನ್ನೇ ಬಿಟ್ಟಿತು.

ಪಶುವೈದ್ಯರು ಫೋನಿನಲ್ಲಿ, "ರೋಗ ಏನಿಲ್ರಿ. ಬಂದೋರಿಗೆಲ್ಲಾ ತೋರಿಸಬ್ಯಾಡ್ರಿ, ಅದನ್ನ ಅದರ ಪಾಡಿಗೆ ಬಿಡ್ರಿ" ಎಂದರು.

ಅವ್ವ ಇದನ್ನು ಪಕ್ಕದ ಮನೆಯಲ್ಲಿ ಹೇಳಿದಳು. ಹಾವಿಗೆ ಆರಾಮಿಲ್ಲವೆಂದು ಓಣಿಗೆಲ್ಲ ಗೊತ್ತಾಯಿತು. ನಮ್ಮ ಕಡೆ ಆರಾಮಿಲ್ಲದವರನ್ನು ಮಾತಾಡಿಸಲು ಹೋಗದಿದ್ದರೆ ಸಂಬಂಧವೇ ಕೆಡುತ್ತದೆ. ಕರಜಗಿಯ ಸೋದರಮಾವ ಬಾಳೆಹಣ್ಣು, ಬಿಸ್ಕತ್ತು ಹಿಡಿದುಕೊಂಡೇ ಬಂದ. ಪೆಟ್ಟಿಗೆಯ ಮುಂದೆ ಕುಳಿತು, "ಧೈರ್ಯ ಬಿಡಬ್ಯಾಡಪಾ" ಎಂದು ಹಾವಿಗೆ ಹೇಳಿದ. ಹಾವು ಇನ್ನಷ್ಟು ಬಿಗಿಯಾಗಿ ಚೆಂಡಾಯಿತು. ಬಿಸ್ಕತ್ತು ನಾನೇ ತಿಂದೆ.

ಬಾಗಿಲು ಹಾಕಿದರೆ ಸೊಕ್ಕು ಅನ್ನುತ್ತಾರೆ. ಕೊನೆಗೆ ಅವ್ವನೇ ಬಂದವರಿಗೆಲ್ಲ, "ಹವಾ ಬದಲಾಗ್ಲಿ ಅಂತ ಜೇವರ್ಗಿಗೆ ಮಗಳ ಮನಿಗೆ ಕಳಿಸೇವ್ರಿ" ಎಂದು ಸುಳ್ಳು ಹೇಳತೊಡಗಿದಳು. ಪೆಟ್ಟಿಗೆಯ ಮೇಲೆ ಬಟ್ಟೆ ಹೊದಿಸಿದೆವು. ಮಂದಿ ಬರುವುದು ನಿಂತು ಮನೆ ತಣ್ಣಗಾಯಿತು. ಆ ವಾರವೇ ಹಾವು ಇಲಿ ನುಂಗಿತು.

ಈ ಸಂತೋಷ ಹೇಳಲು ಫೋನ್ ಎತ್ತಿಕೊಳ್ಳುವಷ್ಟರಲ್ಲಿ ಜೇವರ್ಗಿಯಿಂದ ಅಕ್ಕನೇ ಮಾಡಿದಳು: "ಲೇ ತಮ್ಮಾ, ಅಫಜಲಪುರದಿಂದ ಮಂದಿ ಜೀಪ್ ತುಂಬಿ ಬಂದಾರ. ಚಾ ಆತು, ಚುರಮುರಿ ಸುಸಲಾ ಆತು. ಈಗ ಹಾವು ಎಲ್ಲಿ ಅದ ಅಂತ ಕೇಳಾಕತ್ತಾರ. ಏನ್ ತೋರಿಸ್ಲಿ?"