ಅತ್ತಿಗೆ ಬಿಟ್ಟುಕೊಟ್ಟ ವಿಮಾನದ ಸೀಟು

ಬಸ್ಸಿನಲ್ಲಿ ಸೀಟು ಹಿಡಿಯುವ ವಿಷಯದಲ್ಲಿ ನಮ್ಮ ಅತ್ತಿಗೆಗೆ ಕುದೂರು ಕಡೆಯಲ್ಲೆಲ್ಲ ಹೆಸರಿದೆ. ಬಸ್ಸು ಇನ್ನೂ ಸ್ಟ್ಯಾಂಡಿಗೆ ತಿರುಗುತ್ತಿರುವಾಗಲೇ ಕಿಟಕಿಯಿಂದ ಒಳಗೆ ಏನಾದರೊಂದು ಎಸೆದುಬಿಡುತ್ತಾಳೆ. ಟವೆಲ್ಲು, ಸೊಪ್ಪಿನ ಕಟ್ಟು, ಒಮ್ಮೆ ನನ್ನ ಚಪ್ಪಲಿ. ಆಮೇಲೆ ಯಾವ ಅವಸರವೂ ಇಲ್ಲದೆ ಹತ್ತಿ, ತನ್ನ ಸೀಟಿನಲ್ಲಿ ಕೂತು, ನಿಂತವರ ಯೋಗಕ್ಷೇಮ ವಿಚಾರಿಸುತ್ತಾಳೆ. ಅಂಥವಳು ಕಾಶಿಯಿಂದ ಬರುವಾಗ ವಿಮಾನದ ಸೀಟನ್ನು ತಾನಾಗಿಯೇ ಬಿಟ್ಟುಕೊಟ್ಟಳು, ನನ್ನದನ್ನೂ ಸೇರಿಸಿ. ಊರಿನಲ್ಲಿ ಇದನ್ನು ಇನ್ನೂ ಯಾರೂ ನಂಬಿಲ್ಲ.

ಅತ್ತಿಗೆ ಎಂದರೆ ನನ್ನ ಅಣ್ಣನ ಹೆಂಡತಿ. ಕುದೂರಿನ ಪಕ್ಕದ ಹಳ್ಳಿಯಲ್ಲಿ ಅವರಿಗೆ ಒಂದಿಷ್ಟು ರಾಗಿ ಹೊಲ, ಒಂದು ಮಂದೆ ಕುರಿ. ನಾನು ರಾಮನಗರದಲ್ಲಿ ಹೆಂಗಸರ ಬಟ್ಟೆ ಹೊಲಿಯುವ ಅಂಗಡಿ ಇಟ್ಟುಕೊಂಡಿದ್ದೇನೆ. ಕಾಶಿಗೆ ಹೋಗೋಣ ಎಂದು ನಾವಿಬ್ಬರೂ ವರ್ಷಗಟ್ಟಲೆ ಮಾತಾಡಿ, ಕೊನೆಗೆ ಹೊರಟೆವು. ಕುರಿಗಳನ್ನು ಬಿಟ್ಟು ಗಂಡ ಹೆಂಡತಿ ಇಬ್ಬರೂ ಬರುವಂತಿಲ್ಲವಾದ್ದರಿಂದ ಅಣ್ಣ ಉಳಿದುಕೊಂಡ. ನಾನು ಹಿಂದೆ ಒಂದು ಸಲ ವಿಮಾನ ಹತ್ತಿದವಳು. ಆ ಒಂದು ಸಲದ ಬಲದ ಮೇಲೆ ಅತ್ತಿಗೆಗೆ ದಾರಿಯುದ್ದಕ್ಕೂ ಪಾಠ ಹೇಳಿದೆ. ಬೆಲ್ಟು ಹೀಗೆ ಹಾಕಬೇಕು, ಕಿವಿ ಮುಚ್ಚಿಕೊಂಡರೆ ಎಂಜಲು ನುಂಗಬೇಕು, ಅಕ್ಕಪಕ್ಕದವರ ಸಂಬಳ ಕೇಳಬಾರದು.

ಹೋಗುವಾಗ ಅವಳಿಗೆ ಸಿಕ್ಕಿದ್ದು ನಡುವಿನ ಸೀಟು. ಕಿಟಕಿಯ ಕಡೆ ಕೂತ ದಪ್ಪ ಮನುಷ್ಯ ಹತ್ತಿದ ಕೂಡಲೇ ಪರದೆ ಎಳೆದು ನಿದ್ದೆ ಹೋದ. ಅತ್ತಿಗೆ ಎರಡು ಸಲ ಕೆಮ್ಮಿದಳು, ಮೊಣಕೈಯಿಂದ ತಿವಿದಳು, ಅವನು ಏಳಲಿಲ್ಲ. ಕಾಶಿಯಲ್ಲಿ ಗಂಗೆಯ ದಡದಲ್ಲಿ ನಿಂತಾಗಲೂ ಅವಳಿಗೆ ಅದೇ ಕೊರಗು. ಮುಚ್ಚಿದ ಲಾರಿಯಲ್ಲಿ ಕುರಿ ಸಾಗಿಸಿದ ಹಾಗೆ ತನ್ನನ್ನು ತಂದರು ಎಂದು ವಿಶ್ವನಾಥನ ಸನ್ನಿಧಿಯ ಸಾಲಿನಲ್ಲೂ ಹೇಳಿಕೊಂಡಳು.

ವಾಪಸು ಬರುವ ದಿನ ವಿಮಾನ ನಿಲ್ದಾಣದಲ್ಲಿ ಕೂತಿದ್ದೆವು. ಹತ್ತಿಸುವ ಹೊತ್ತಾದರೂ ಬಾಗಿಲು ತೆಗೆಯಲಿಲ್ಲ. ಕೌಂಟರಿನ ಹುಡುಗಿ ಮೈಕಿನಲ್ಲಿ ಏನೋ ಹೇಳಿದಳು. ಕೂಡಲೇ ಅಲ್ಲಿದ್ದವರೆಲ್ಲ ತಮ್ಮ ತಮ್ಮ ಫೋನಿನೊಳಗೆ ಮುಖ ಹುದುಗಿಸಿದರು. ಅತ್ತಿಗೆ ಏನಂತೆ ಎಂದು ಕೇಳಿದಳು. ಇರುವ ಸೀಟಿಗಿಂತ ಹೆಚ್ಚು ಟಿಕೆಟು ಮಾರಿದ್ದಾರಂತೆ, ಇಬ್ಬರಿಗೆ ಜಾಗವಿಲ್ಲ, ಯಾರಾದರೂ ಮನಸ್ಸು ಮಾಡಿ ಉಳಿದುಕೊಂಡರೆ ಹೋಟೆಲಿನಲ್ಲಿ ರೂಮು, ಊಟ, ನಾಳೆಯ ವಿಮಾನ, ಮೇಲೆ ಇನ್ನೊಂದು ಪ್ರಯಾಣಕ್ಕೆ ಕೂಪನ್ನೂ ಕೊಡುತ್ತಾರಂತೆ ಎಂದೆ.

"ಅದಕ್ಯಾಕೆ ಮೈಕಲ್ಲಿ ಹೇಳಬೇಕು? ಇಬ್ರು ನಿಂತ್ಕಂಡು ಬಂದ್ರಾಯ್ತಪ್ಪ," ಎಂದಳು.

ವಿಮಾನದಲ್ಲಿ ನಿಲ್ಲುವಂತಿಲ್ಲ ಎಂದು ವಿವರಿಸಿದೆ. ಅವಳಿಗೆ ಒಪ್ಪಿಗೆಯಾಗಲಿಲ್ಲ. ನಡುವೆ ಅಷ್ಟುದ್ದ ದಾರಿ ಬಿಟ್ಟಿದ್ದಾರೆ, ಕುದೂರಿನ ಕಂಡಕ್ಟರನಿಗೆ ಕೊಟ್ಟಿದ್ದರೆ ಇನ್ನೂ ಮೂವತ್ತು ಜನರನ್ನು ತುಂಬುತ್ತಿದ್ದ ಎಂಬುದು ಅವಳ ವಾದ.

ಆಗಲೇ ನಮ್ಮ ಹಿಂದಿನ ಕುರ್ಚಿಯಿಂದ ಕನ್ನಡ ಕೇಳಿಸಿತು. ತಾಯಿ, ಮಗಳು. ಮಗಳು ಕೌಂಟರಿಗೆ ಹೋಗಿ ಬಂದು, ಸೀಟಿಲ್ಲದ ಇಬ್ಬರು ತಾವೇ ಎಂದು ತಾಯಿಗೆ ಮೆಲ್ಲಗೆ ಹೇಳುತ್ತಿದ್ದಳು. ತಾಯಿ ಸೆರಗು ಸರಿಮಾಡಿಕೊಂಡರು. ಅತ್ತಿಗೆ ಕುರ್ಚಿಯ ಮೇಲೆ ಪೂರಾ ಹಿಂದಕ್ಕೆ ತಿರುಗಿ ಕೂತು ಯಾವೂರು ಎಂದು ಕೇಳಿದಳು. ಕನಕಪುರದ ಕಡೆಯಂತೆ. ಯಜಮಾನರು ತೀರಿಕೊಂಡು, ಅವರ ಬೂದಿ ಬಿಡಲು ಬಂದಿದ್ದರಂತೆ. ಮಾರನೆಯ ದಿನವೇ ತಿಥಿ. ನೆಂಟರೆಲ್ಲ ಬಂದು ಕೂತಿರುತ್ತಾರೆ, ಅಡಿಗೆಯವರಿಗೆ ಹೇಳಿಯಾಗಿದೆ.

"ಅಲ್ಲ ಕಣಕ್ಕ, ಕಾವೇರಿ ಸಂಗಮ ನಿಮ್ಮ ಮಗ್ಗುಲಲ್ಲೇ ಐತೆ. ಅಲ್ಲಿ ಬುಡೋದು ಬುಟ್ಟು ಇಷ್ಟು ದೂರ ಬಂದ್ರಾ?" ಎಂದಳು ಅತ್ತಿಗೆ. ನಾನು ಅವಳ ಸೆರಗು ಜಗ್ಗಿದೆ. ಆ ತಾಯಿ ಬೇಜಾರು ಮಾಡಿಕೊಳ್ಳಲಿಲ್ಲ.

"ಬದುಕಿದ್ದಾಗ ಕನಕಪುರದ ಸಂತೆ ಬುಟ್ಟು ಆಚೆಗೆ ಬರ್ನಿಲ್ಲ, ಪುಣ್ಯಾತ್ಮ. ಸಾಯೋ ಹೊತ್ಗೆ ಕಾಶಿ ಬೇಕು ಅಂದ್ರು," ಎಂದು ಆಕೆ ನಕ್ಕರು. ನಗುತ್ತಿದ್ದಂತೆಯೇ ಕಣ್ಣು ತುಂಬಿ ಬಂತು. ಮಗಳು ಬೇರೆ ಕಡೆ ನೋಡಿದಳು.

ಅತ್ತಿಗೆ ನನ್ನ ಕಡೆ ಬಾಗಿ ಕೇಳಿದಳು: "ನಾಳೆ ವಿಮಾನದಲ್ಲಿ ಕಿಟಕಿ ಸೀಟು ಕೊಡ್ತಾರಾ ಕೇಳು."

ನನ್ನ ಅಂಗಡಿಯಲ್ಲಿ ಮದುವೆಯ ರವಿಕೆಗಳು ಕತ್ತರಿಸಿದ ಹಾಗೇ ಬಿದ್ದಿದ್ದವು. ನಾಳೆ ಕೊಡುತ್ತೇನೆಂದು ಮಾತು ಕೊಟ್ಟಿದ್ದೆ. ಅದನ್ನು ಹೇಳಿದೆ. ದರ್ಜಿ ಹೇಳಿದ ದಿನಕ್ಕೆ ರವಿಕೆ ಕೊಟ್ಟರೆ ಆ ಮದುವೆಯವರು ಗಾಬರಿಯಾಗುತ್ತಾರೆ ಎಂದು ನನ್ನನ್ನು ಎಬ್ಬಿಸಿಕೊಂಡು ಹೋದಳು.

ಕೌಂಟರಿನ ಹುಡುಗಿ ನಮ್ಮನ್ನು ನೋಡಿ ಬದುಕಿದೆನೆಂಬಂತೆ ಕೈಮುಗಿದಳು. ಕಿಟಕಿ ಸೀಟಿನ ವಿಷಯ ನೋಡುತ್ತೇನೆ ಎಂದಳು. ನೋಡುತ್ತೇನೆ ಎನ್ನುವುದು ಬೇಡ, ಈಗಲೇ ಬರೆದುಕೊಡಲಿ ಎಂದು ಅತ್ತಿಗೆ ಕುರಿ ವ್ಯಾಪಾರದ ಗತ್ತಿನಲ್ಲಿ ಪಟ್ಟು ಹಿಡಿದಳು. ನಾನು ಅದನ್ನು ನನಗೆ ಬರುವಷ್ಟು ಹಿಂದಿಯಲ್ಲಿ ಮೆತ್ತಗೆ ಮಾಡಿ ಹೇಳಿದೆ. ಹುಡುಗಿ ನಗುತ್ತಾ ನಾಳೆಯ ಪಾಸನ್ನು ಅಲ್ಲೇ ತೆಗೆದುಕೊಟ್ಟಳು. ಅದರಲ್ಲಿದ್ದ ನಂಬರು ನಿಜವಾಗಿಯೂ ಕಿಟಕಿಯದೇ ಎಂದು ಅತ್ತಿಗೆ ಸಾಲಿನಲ್ಲಿದ್ದ ಮೂರು ಜನರನ್ನು ಕೇಳಿ ಖಾತ್ರಿ ಮಾಡಿಕೊಂಡಳು.

ಕನಕಪುರದ ತಾಯಿ ಹೊರಡುವಾಗ ಅತ್ತಿಗೆಯ ಕೈ ಹಿಡಿದುಕೊಂಡರು. ಕನಕಪುರಕ್ಕೆ ಬಂದರೆ ಮನೆಗೆ ಬರಲೇಬೇಕು ಎಂದರು. ಅತ್ತಿಗೆ ಬಂದೇ ಬರುತ್ತೇನೆ ಎಂದಳು. ಯಾರ ಮನೆ ಎಂದು ಇವಳು ಕೇಳಲಿಲ್ಲ, ಅವರು ಹೇಳಲಿಲ್ಲ.

ಕಾರು ಬಂದು ನಮ್ಮನ್ನು ಹೋಟೆಲಿಗೆ ಬಿಟ್ಟಿತು. ರೂಮಿನ ಹಾಸಿಗೆ ಎಷ್ಟು ಬೆಳ್ಳಗಿತ್ತೆಂದರೆ ಅತ್ತಿಗೆ ಮೊದಲು ನೆಲದ ಮೇಲೆ ಕೂತಳು. ಅಲ್ಲಿಂದಲೇ ಅಣ್ಣನಿಗೆ ಫೋನು ಮಾಡಿ, ಇವತ್ತು ಬರುವುದಿಲ್ಲ, ವಿಮಾನದಲ್ಲಿ ಜಾಗವಿಲ್ಲ ಎಂದಳು. ಆ ಕಡೆಯಿಂದ ಅಣ್ಣ ಕೇಳಿದ್ದು ನನಗೂ ಕೇಳಿಸಿತು: "ಯಾರತ್ರ ಜಗಳ ಆಡ್ದೆ ಅದನ್ ಹೇಳು ಮೊದ್ಲು."

ಅವಳು ಫೋನು ಇಟ್ಟು, ಸ್ನಾನ ಮಾಡಿ, ಬಾಗಿಲಿಗೇ ಬಂದ ಊಟ ಉಂಡು, ಮಟಮಟ ಮಧ್ಯಾಹ್ನ ಹಾಸಿಗೆಯಲ್ಲಿ ಮಲಗಿ ನಿದ್ದೆ ಮಾಡಿದಳು. ಅವಳು ನಮ್ಮ ಮನೆಗೆ ಸೊಸೆಯಾಗಿ ಬಂದ ದಿನದಿಂದ ಅವಳನ್ನು ಬಲ್ಲೆ. ಹಗಲು ಹೊತ್ತು ಅವಳು ಮಲಗಿದ್ದನ್ನು ನೋಡಿದ್ದು ಅದೇ ಮೊದಲು. ಕುರಿಗಳು ಅರಚುವುದಿಲ್ಲ, ಒಲೆಯ ಮೇಲೆ ಎಸರಿಲ್ಲ. ನಾನು ಟಿವಿಯ ಸದ್ದು ತೀರಾ ಕಮ್ಮಿ ಮಾಡಿ, ಭಾಷೆ ಬಾರದ ಸೀರಿಯಲ್ಲು ನೋಡುತ್ತಾ ಕೂತೆ. ರವಿಕೆಗಳ ನೆನಪು ಯಾವಾಗ ಹೋಯಿತೋ ಗೊತ್ತಾಗಲಿಲ್ಲ.

ಮಾರನೆಯ ದಿನ ಅವಳಿಗೆ ಕಿಟಕಿ ಸಿಕ್ಕಿತು. ಹತ್ತಿದಾಗಿನಿಂದ ಇಳಿಯುವವರೆಗೂ ಹಣೆಯನ್ನು ಗಾಜಿನಿಂದ ತೆಗೆಯಲಿಲ್ಲ. ನಾನು ಒಂದು ಸಲ ಬಗ್ಗಿ ನೋಡಲು ಹೋದರೆ ಬೆಳಕಿಗೆ ಅಡ್ಡ ಬರಬೇಡ ಎಂದಳು. ಬೆಂಗಳೂರು ಹತ್ತಿರವಾಗಿ ವಿಮಾನ ಕೆಳಗಿಳಿಯುತ್ತಿದ್ದಾಗ, ಪಕ್ಕದ ಹೊಲದವನು ಬದು ಒತ್ತಿದ್ದಾನೆ ಎಂಬ ಅನುಮಾನ ತನಗೆ ಬಹಳ ದಿನದಿಂದ ಇದೆ, ಒಸಿ ಮಾಗಡಿ ಕಡೆ, ನಮ್ಮ ಹೊಲದ ಮೇಲೆ, ತಿರುಗಿಸಿದರೆ ಮೇಲಿಂದ ಗೊತ್ತಾಗಿಬಿಡುತ್ತಿತ್ತು ಎಂದಳು. ತಿರುಗಿಸಲಿಲ್ಲ. ಆದರೂ ಸಾವನದುರ್ಗದ ಬೆಟ್ಟ ಕಂಡಿತು ಎಂದು ಇವತ್ತಿಗೂ ಹೇಳುತ್ತಾಳೆ. ಅವಳು ತೋರಿಸಿದ್ದು ಆ ಕಡೆಯ ಯಾವುದೋ ಬೋಳುಗುಡ್ಡ ಎಂದು ನನ್ನ ಲೆಕ್ಕ.

ಊರಿಗೆ ನಮಗಿಂತ ಮೊದಲೇ ಸುದ್ದಿ ಮುಟ್ಟಿತ್ತು. ಅಣ್ಣನ ಬಾಯಿಂದ ಹೊರಟ ಮಾತು, ಕಿಟಕಿ ಸೀಟಿಗೆ ಜಗಳವಾಡಿದ್ದಕ್ಕೆ ಅತ್ತಿಗೆಯನ್ನು ವಿಮಾನದಿಂದ ಇಳಿಸಿದರು ಎಂದಾಗಿತ್ತು. ಕನಕಪುರದವರ ವಿಷಯ ಹೇಳು ಎಂದು ನಾನು ಎಷ್ಟೋ ಸಲ ಹೇಳಿದೆ. ಅವಳು ಹೇಳಲಿಲ್ಲ. ಯಾರಾದರೂ ಕೇಳಿದರೆ, ಹೌದು, ಕಿಟಕಿಗೋಸ್ಕರವೇ ಇಳಿದದ್ದು ಎನ್ನುತ್ತಾಳೆ. ಅವಳು ಉಳಿದದ್ದು ಆ ತಾಯಿಗಾಗಿಯೋ ಕಿಟಕಿಗಾಗಿಯೋ ನನಗೂ ಪೂರ್ತಿ ಗೊತ್ತಿಲ್ಲ. ಒಂದು ಸಲ ನೇರವಾಗಿ ಕೇಳಿದ್ದಕ್ಕೆ ರಾಗಿ ಕೇರುತ್ತಿದ್ದವಳು ಮೊರ ನನ್ನ ಕಡೆಗೆ ತಿರುಗಿಸಿ ಕೇರಿದಳು. ಹೊಟ್ಟು ಪೂರಾ ನನ್ನ ಮುಖಕ್ಕೆ ಬಂತು.

ಕಳೆದ ವಾರ ಅಣ್ಣ ರಾಮನಗರಕ್ಕೆ, ನನ್ನ ಅಂಗಡಿಗೆ ಬಂದ. ಕೈಯಲ್ಲಿ ಶರ್ಟಿನ ಬಟ್ಟೆ. ನಾನು ಗಂಡಸರ ಬಟ್ಟೆ ಹೊಲಿಯುವುದಿಲ್ಲವೆಂದು ಅವನಿಗೆ ಗೊತ್ತು. ಆದರೂ ಕಾಲರಿನ ಬಗ್ಗೆ, ಗುಂಡಿಯ ಬಗ್ಗೆ ಬಹಳ ಹೊತ್ತು ಮಾತಾಡಿದ. ಆಮೇಲೆ ವಿಷಯಕ್ಕೆ ಬಂದ. ವಿಮಾನದವರು ನಮ್ಮಿಬ್ಬರಿಗೆ ಕೊಟ್ಟ ಕೂಪನ್ನುಗಳ ಅವಧಿ ಮುಗಿಯುತ್ತಾ ಬಂದಿದೆಯಂತೆ. ತಾನೂ ಒಂದು ಸಲ ವಿಮಾನ ಹತ್ತಿ ನೋಡಬೇಕಂತೆ. ಅತ್ತಿಗೆ ಜೊತೆಗೆ ಬರಲು ಒಪ್ಪಿದ್ದಾಳಂತೆ.

ಹಾಗಾದರೆ ಕುರಿ ನೋಡಿಕೊಳ್ಳುವವರು ಯಾರು ಎಂದು ಕೇಳಿದೆ.

ಅವನು ನನ್ನ ಅಳತೆಯ ಟೇಪನ್ನು ಬೆರಳಿಗೆ ಸುತ್ತುತ್ತಾ ಹೇಳಿದ: "ನಿಮ್ಮತ್ಗೆ ಆಗ್ಲೇ ಎಲ್ರಿಗೂ ಹೇಳವ್ಳೆ. ನೀನು ಬಂದು ಇರ್ತೀಯಂತಲ್ಲ."