ಎತ್ತಿನ ಮೇಲಿಂದ ಹೇಳಿದ ಹೆಸರು

ನಮ್ಮ ದೊಡ್ಡಪ್ಪ ಸಿನಿಮಾ ತೆಗೆಸಿದ್ದು ಒಂದೇ ಸಲ. ಅದರಲ್ಲಿ ಕಥೆ ಇರಲಿಲ್ಲ, ಹಾಡಿರಲಿಲ್ಲ, ನಮ್ಮ ವಂಶ ಇತ್ತು. ಮೆಜೆಸ್ಟಿಕ್ ಕಡೆಯ ಟಾಕೀಸೊಂದರಲ್ಲಿ ಮುಖ್ಯ ಚಿತ್ರಕ್ಕೆ ಮುಂಚೆ ತೋರಿಸುವ ಸುದ್ದಿಚಿತ್ರದಲ್ಲಿ ಯಾವುದೋ ರಾಜಮನೆತನದವರ ಪಟಗಳು ಒಂದಾದ ಮೇಲೊಂದು ಬಂದವಂತೆ. ದೊಡ್ಡಪ್ಪ ಮನೆಗೆ ಬಂದವರು ರುಮಾಲು ತೆಗೆಯುವ ಮೊದಲೇ ಹೇಳಿದರು: "ರಾಜ್ಯ ಹೋದೋರಿಗೇ ಇಷ್ಟಿರುವಾಗ, ಅಂಗಡಿ ಇಟ್ಕೊಂಡಿರೋ ನಮಗೇನು ಕಡಿಮೆ?"

"ನಮ್ಮ ಪೂರ್ವಿಕರ ಪಟ ಎಲ್ಲಿದೆ ದೊಡ್ಡಪ್ಪ?" ಎಂದೆ.

"ಪಟ ಇಲ್ಲ. ಹೆಳವ ಇದ್ದಾನೆ."

ಹೆಳವನೆಂದರೆ ಮನೆತನಗಳ ವಂಶಾವಳಿಯನ್ನು ಬಾಯಲ್ಲಿಟ್ಟುಕೊಂಡು ಎತ್ತಿನ ಮೇಲೆ ಊರೂರು ತಿರುಗುವವನು. ನಮ್ಮವರು ತುಮಕೂರು ಕಡೆಯ ಹಳ್ಳಿ ಬಿಟ್ಟು ಪೇಟೆಯಲ್ಲಿ ಅಂಗಡಿ, ಚಾಮರಾಜಪೇಟೆಯಲ್ಲಿ ಮನೆ ಮಾಡಿ ಎರಡು ತಲೆಮಾರಾಗಿತ್ತು. ಆದರೂ ಆತ ಕೆಲವು ವರ್ಷಕ್ಕೊಮ್ಮೆ ಆ ಹಳ್ಳಿಗೆ ಬಂದು, ಅಲ್ಲಿ ಉಳಿದ ದಾಯಾದಿಗಳ ಮುಂದೆ ನಮ್ಮ ಹೆಸರುಗಳನ್ನೂ ಹೇಳಿ, ಹೊಸದಾಗಿ ಹುಟ್ಟಿದವರನ್ನು ಸೇರಿಸಿಕೊಂಡು ಹೋಗುತ್ತಿದ್ದ. ಅವನನ್ನು ಕರೆಸಿ ಫಿಲಂ ತೆಗೆಸುವುದು, ಅದಕ್ಕೆ ನಾನು ಪೀಠಿಕೆ ಬರೆಯುವುದು ಎಂದು ತೀರ್ಮಾನವಾಯಿತು. ನಾನಾಗ ಕಾಲೇಜಿನಲ್ಲಿದ್ದೆ. ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ಕಪ್ಪುಗಳು ಬೀರುವಿನ ಮೇಲೆ ಸಾಲಾಗಿ ಕೂತಿದ್ದವು. "ಬಾಯಿ ಇದೆಯಲ್ಲ, ಮನೆಗೂ ಸ್ವಲ್ಪ ಉಪಯೋಗ ಆಗಲಿ" ಎಂದರು ದೊಡ್ಡಪ್ಪ.

ನನ್ನ ಅಣ್ಣ ಹೋಗಿ ಆಗ ಎಂಟು ತಿಂಗಳು. ಹತ್ತೊಂಬತ್ತು ವರ್ಷ, ವಿಷಮಶೀತ ಜ್ವರ. ನಾನು ಅತ್ತಿರಲಿಲ್ಲ. ತಡೆದುಕೊಂಡೆ ಅಂತಲ್ಲ, ಬರಲಿಲ್ಲ. ಊಟ ಮಾಡುತ್ತಿದ್ದೆ, ಓದುತ್ತಿದ್ದೆ, ಶೇಷಾದ್ರಿಪುರಕ್ಕೆ ಹೋಗಿ ವಾದ ಮಾಡಿ ಗೆದ್ದು ಬರುತ್ತಿದ್ದೆ. ಕೈ ಜೋಮು ಹಿಡಿದಾಗ ಬಿಸಿ ಲೋಟ ಮುಟ್ಟಿದರೂ ತಿಳಿಯುವುದಿಲ್ಲವಲ್ಲ, ಹಾಗಿದ್ದೆ.

ಹೆಳವ ಬಸ್ಸಿನಲ್ಲಿ ಬಂದಿಳಿದ. ಐವತ್ತರ ಆಸುಪಾಸು, ಹೆಗಲಲ್ಲಿ ಕಂಬಳಿ, ಚೀಲದಲ್ಲಿ ಒಂದು ಗಂಟೆ. ಎತ್ತು ಬೇಡ, ಬಸ್ಸು ಹತ್ತಿ ಬಾ ಎಂದು ದೊಡ್ಡಪ್ಪನೇ ಹೇಳಿಕಳಿಸಿದ್ದರು.

"ಎತ್ತೆಲ್ಲಿ ಸಾವ್ಕಾರ್ರೆ?" ಎಂದ ಬಂದವನೇ.

"ಎತ್ತು ಯಾಕಯ್ಯ? ಕುರ್ಚಿ ಹಾಕಿಸ್ತೀನಿ."

"ಕುರ್ಚಿ ಮ್ಯಾಲೆ ಕುಂತು ಹೇಳಿದ್ರೆ ಅದು ಬರೀ ಮಾತು. ವಂಶ ಆಗಾಕಿಲ್ಲ. ಇನ್ನೊಂದು, ಶುರು ಮಾಡಿದ ಮ್ಯಾಲೆ ಮುಗಿಸೋಗಂಟ ನಿಲ್ಸಾಕಿಲ್ಲ. ಮೊದಲೇ ಹೇಳಿವ್ನಿ."

ಕೊನೆಗೆ ದೊಡ್ಡಪ್ಪ ಮಾರ್ಕೆಟ್ಟಿಗೆ ಎಲೆಕೋಸು ಎಳೆಯುವ ಗಾಡಿಯ ಎತ್ತೊಂದನ್ನು ಮರುದಿನ ಬೆಳಗ್ಗೆಗೆ ಗೊತ್ತುಮಾಡಿದರು.

ಅವತ್ತು ಮಧ್ಯಾಹ್ನ ಪೀಠಿಕೆಗೋಸ್ಕರ ಆತನನ್ನು ಜಗಲಿಯ ಮೇಲೆ ಕೂರಿಸಿಕೊಂಡೆ. ಆತ ಹೆಸರು ಹೇಳುತ್ತಾ ಹೋದ, ನಾನು ಬರೆಯುತ್ತಾ ಹೋದೆ. ನಾಲ್ಕನೆಯ ತಲೆಮಾರಿಗೆ ನನಗೆ ತಡೆಯಲಾಗಲಿಲ್ಲ.

"ಇದಕ್ಕೆಲ್ಲ ಪ್ರಮಾಣ ಏನು?"

"ನೀವೇ ಕಣವ್ವಾ. ಅವರು ಇಲ್ದಿದ್ರೆ ನೀವು ಹೆಂಗೆ ಬತ್ತಿದ್ರಿ?"

"ಯಾರೋ ಇದ್ದರು ಅನ್ನೋದಕ್ಕೆ ನಾನು ಪ್ರಮಾಣ, ಸರಿ. ಅವರ ಹೆಸರು ಇದೇ ಅನ್ನೋದಕ್ಕೆ?"

"ಬ್ಯಾರೆ ಹೆಸರು ನಿಮಗೆ ಗೊತ್ತಿದ್ರೆ ಹೇಳಿ, ಬದಲಾಯಿಸ್ತೀನಿ."

ಸಭೆಯಾಗಿದ್ದರೆ ಚಪ್ಪಾಳೆ ಆತನಿಗೇ ಬೀಳುತ್ತಿತ್ತು. ಬರೆಯುವುದನ್ನು ಮುಂದುವರಿಸಿದೆ. ಹತ್ತನೆಯ ತಲೆಮಾರಿನಲ್ಲಿ ದೊಡ್ಡಪ್ಪ, ಅವರ ಕೆಳಗೆ ಅವರ ಮಕ್ಕಳು, ಆಮೇಲೆ ದೊಡ್ಡಪ್ಪನ ತಮ್ಮ, ನಮ್ಮಪ್ಪ. ಅಪ್ಪ ನಾನು ನಾಲ್ಕು ವರ್ಷದವಳಿದ್ದಾಗಲೇ ತೀರಿಕೊಂಡವರು. "ಈ ಸಾಲು ಇಲ್ಲಿಗೆ ನಿಂತದೆ" ಎಂದು ಆತ ಕೈ ಮುಗಿದ.

ಒಳಗೆ ಮೊರದಲ್ಲಿ ಅಕ್ಕಿ ಆರಿಸುವ ಸದ್ದು ನಿಂತಿತು. ಅಮ್ಮ ಬಾಗಿಲಿಗೆ ಬಂದರು.

"ನನ್ನ ಮಗ?"

"ಮದ್ವೆ ಆಗಿತ್ತಾ ತಾಯಿ?"

"ಇಲ್ಲ."

"ಇರೋರು ಬತ್ತಾರೆ, ಹೋದೋರಲ್ಲಿ ಮಕ್ಕಳು ಬಿಟ್ಟೋರು ಮಾತ್ರ ಸಾಲಿನಾಗೆ ಉಳಿಯೋದು ತಾಯಿ. ಹೆಣ್ಮಕ್ಕಳೂ ಬರಾಕಿಲ್ಲ" ಎಂದು ನನ್ನ ಕಡೆ ನೋಡಿ, "ಬೇಜಾರು ಮಾಡ್ಕೋಬ್ಯಾಡಿ" ಎಂದ.

"ಒಂದೇ ಒಂದು ಸಲ ಹೇಳಿ" ಎಂದರು ಅಮ್ಮ. "ನಾಳೆ ಹೇಳಿದ್ದು ಫಿಲಂನಲ್ಲಿ ಉಳಿಯುತ್ತಂತೆ. ಇನ್ನೆಲ್ಲೂ ಅವನ ಹೆಸರಿಲ್ಲ."

ಎಂಟು ತಿಂಗಳಿಂದ ಅಮ್ಮ ಯಾರನ್ನೂ ಏನನ್ನೂ ಕೇಳಿರಲಿಲ್ಲ. ನಾನು ನೋಟ್‌ಬುಕ್ಕಿನ ಹಾಳೆ ಹಿಂದಕ್ಕೆ ತಿರುಗಿಸಿದೆ. ಎದುರಾಳಿಯ ಮಾತಿನಲ್ಲೇ ಎದುರಾಳಿಯನ್ನು ಕಟ್ಟಿಹಾಕುವುದು ನಾನು ಕಲಿತ ವಿದ್ಯೆ.

"ಆರನೇ ತಲೆಮಾರಿನಲ್ಲಿ ಒಬ್ಬರಿಗೆ ಮಕ್ಕಳೇ ಇರಲಿಲ್ಲ ಅಂದ್ರಿ. ಅವರ ಹೆಸರು ಹೇಗೆ ಬಂತು?"

"ಅವರು ಊರಿಗೆ ಬಾವಿ ತೋಡಿಸಿದ್ರು."

"ಹಾಗಾದರೆ ನಿಯಮ ಮಕ್ಕಳದ್ದಲ್ಲ. ಏನಾದರೂ ಮಾಡಿದವರು ಬರಬಹುದು."

"ಬರಬೌದು" ಎಂದು ಒಪ್ಪಿಕೊಂಡ. "ನಿಮ್ಮಣ್ಣ ಏನು ಮಾಡಿದ್ರು?"

ಅಣ್ಣ ಇಂಟರ್‌ಮೀಡಿಯೆಟ್ಟಿನಲ್ಲಿ ಎರಡು ಸಲ ಫೇಲಾಗಿದ್ದ. ಅಂಗಡಿಯಲ್ಲಿ ಕೂರು ಎಂದರೆ ಹಿಂದಿನ ಬಾಗಿಲಿನಿಂದ ಜಾರಿಕೊಳ್ಳುತ್ತಿದ್ದ. "ಸೈಕಲ್ ಚೆನ್ನಾಗಿ ಹೊಡೀತಿದ್ದ" ಎಂದೆ. "ಎರಡೂ ಕೈ ಬಿಟ್ಟು, ಮಾರ್ಕೆಟ್ಟಿನ ಜನದ ಮಧ್ಯೆ."

ಆತ ನಗಲಿಲ್ಲ. "ಇದ್ದೋರನ್ನೆಲ್ಲ ಹೇಳ್ತಾ ಕುಂತ್ರೆ ಎತ್ತಿನ ಬೆನ್ನು ಮುರೀತದೆ ಕಣವ್ವಾ" ಎಂದಷ್ಟೇ ಹೇಳಿದ. ಅಮ್ಮ ಒಳಗೆ ಹೋದರು. ಅಕ್ಕಿಯ ಸದ್ದು ಮತ್ತೆ ಶುರುವಾಯಿತು.

ಮರುದಿನ ಎಳೆಬಿಸಿಲಿಗೆ ಪೇಟೆಯ ಸ್ಟುಡಿಯೋದ ಕ್ಯಾಮೆರಾದವರು ಬಂದರು. ಗಡಿಯಾರದ ಹಾಗೆ ಕೀಲಿ ಕೊಡುವ ಸಣ್ಣ ಕ್ಯಾಮೆರಾ. ಅದಕ್ಕೆ ಇದ್ದದ್ದು ಒಂದೇ ರೀಲು, ಹೆಚ್ಚೆಂದರೆ ನಾಲ್ಕು ನಿಮಿಷ. ದೊಡ್ಡಪ್ಪ ಬೀದಿಯ ಬಾಯನ್ನೇ ಮುಚ್ಚಿಸಿದ್ದರು. ಹೂವಿನವಳಿಗೆ ಕೂಗಬೇಡ ಎಂದರು, ಜಟಕಾವನ್ನು ತಿರುವಿನಲ್ಲೇ ನಿಲ್ಲಿಸಿದರು, ಪಕ್ಕದ ಮನೆಯವರಿಗೆ ಒಗ್ಗರಣೆ ಕೂಡ ಹಾಕಬೇಡಿ ಎಂದು ಹೇಳಿಬಂದರು. ಹೆಳವನ ಮಾತಿನ ಜೊತೆ ಬೇರೆ ಸದ್ದು ಸೇರಬಾರದಲ್ಲ.

ಎತ್ತಿಗೆ ಗಾಡಿ ಗೊತ್ತಿತ್ತೇ ಹೊರತು ಸವಾರ ಗೊತ್ತಿರಲಿಲ್ಲ. ಎರಡು ಸಲ ಹೆಳವನನ್ನು ಜಾರಿಸಿತು. ಮೂರನೆಯ ಸಲ ಅದರ ಬಾಯಿಗೆ ಚೆಂಡುಹೂವಿನ ಹಾರ ಕೊಟ್ಟ ಮೇಲೆ ಸುಮ್ಮನಾಯಿತು. ಹೆಳವ ಗಂಟೆ ಬಾರಿಸಿ ಶುರುಮಾಡಿದ. ನಿನ್ನೆ ಜಗಲಿಯ ಮೇಲೆ ಒಣಗಿದ್ದ ಹೆಸರುಗಳೆಲ್ಲ ರಾಗ ಹತ್ತಿ ಎದ್ದು ಬಂದವು. ಬಾವಿ ತೋಡಿಸಿದವರ ಮೇಲಂತೂ ಒಂದು ಹಾಡೇ ಇತ್ತು. ಬಾವಿ ಮುಗಿಯುವಷ್ಟರಲ್ಲಿ ಮೂರು ನಿಮಿಷ ದಾಟಿತ್ತು. ಎಂಟನೆಯ ತಲೆಮಾರಿಗೆ ಕ್ಯಾಮೆರಾದ ಗರಗರ ನಿಂತಿತು.

"ರೀಲು ಮುಗೀತು ಸ್ವಾಮಿ."

"ನನ್ನ ಹೆಸರೇ ಬಂದಿಲ್ವಲ್ರೀ!" ದೊಡ್ಡಪ್ಪ ಕ್ಯಾಮೆರಾದವರ ಮೇಲೆ ಏರಿಹೋದರು. ಹೆಳವ ಮಾತ್ರ ನಿಲ್ಲಿಸಲಿಲ್ಲ, ನಿಲ್ಲಿಸುವಂತಿರಲಿಲ್ಲ. ಆ ಜಗಳದ ಪಕ್ಕದಲ್ಲೇ ಒಂಬತ್ತನೆಯ ತಲೆಮಾರು ಬಂತು, ಹತ್ತನೆಯದು ಬಂತು, ದೊಡ್ಡಪ್ಪ ಬಂದರು, ಅವರ ಮಕ್ಕಳು ಬಂದರು, ಕೊನೆಗೆ ಅಪ್ಪ ಬಂದರು. ಅಲ್ಲಿ ಆತ ಗಂಟೆಯನ್ನು ಇನ್ನೊಂದು ಸಲ ಬಾರಿಸಿದ. ನಮ್ಮಣ್ಣನ ಹೆಸರು ಹೇಳಿದ. "ಎರಡು ಗಾಲಿಯ ಮೇಲೆ ಕೈ ಬಿಟ್ಟು ಪೇಟೆ ಸುತ್ತಿದವನು" ಎಂದ. ಅದೇ ರಾಗದಲ್ಲಿ.

ಅಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು. ನಾನು ಎತ್ತನ್ನು ನೋಡುತ್ತಿದ್ದೆ. ಅದು ಹಾರದ ದಾರವನ್ನೂ ಬಿಡದೆ ಅಗಿಯುತ್ತಿತ್ತು. ಅಷ್ಟೇ ನನಗೆ ಕಂಡದ್ದು.

"ಬಂದಷ್ಟಾದರೂ ಮಾತು ಸ್ಪಷ್ಟವಾಗಿ ಬಂದಿದೆ ತಾನೇ?" ಎಂದು ದೊಡ್ಡಪ್ಪ ಕೊನೆಗೆ ಕೇಳಿದರು.

ಕ್ಯಾಮೆರಾದವರು ಅವರನ್ನೇ ನೋಡಿದರು. "ಮಾತೆಲ್ಲಿ ಸ್ವಾಮಿ? ಇದು ಬರೀ ಚಿತ್ರ. ಶಬ್ದಕ್ಕೆ ಬೇರೆ ಯಂತ್ರ ಬೇಕು. ನಿಮಗೆ ಗೊತ್ತಿದೆ ಅಂದ್ಕೊಂಡೆ."

ಟಾಕೀಸಿನಲ್ಲಿ ಕೇಳುತ್ತದೆ, ಆದ್ದರಿಂದ ಕ್ಯಾಮೆರಾಕ್ಕೆ ಕಿವಿ ಇದೆ ಎಂದು ಮನೆಯವರೆಲ್ಲ ನಂಬಿದ್ದೆವು. ಎಲ್ಲಕ್ಕೂ ಪ್ರಮಾಣ ಕೇಳುವ ನಾನು ಇದೊಂದನ್ನು ಕೇಳಿರಲಿಲ್ಲ.

ರೀಲು ಬೊಂಬಾಯಿಗೆ ಹೋಗಿ ತೊಳೆಸಿಕೊಂಡು ಬರಲು ತಿಂಗಳು ಹಿಡಿಯಿತು. ಚಿತ್ರ ಓಡುವಾಗ ಹೆಸರುಗಳನ್ನು ನಾನು ಗಟ್ಟಿಯಾಗಿ ಓದುವುದು ಎಂದಾಯಿತು. ಒಂದು ಭಾನುವಾರ ಮಧ್ಯಾಹ್ನ ನಡುಮನೆಯ ಕಿಟಕಿಗಳಿಗೆ ಕಂಬಳಿ ಹೊದಿಸಿದರು. ನೆಂಟರು ಚಾಪೆ ತುಂಬ ಕೂತರು. ಅಮ್ಮ ಹಿಂದಿನ ಕಿಟಕಿಯ ಹತ್ತಿರ ಕೂತರು. ಅದಕ್ಕೆ ಮುಂಚೆ ಅಡಿಗೆಮನೆಯಲ್ಲಿ ನನಗೆ ಹೇಳಿದ್ದು ಇಷ್ಟೇ: "ಚಿತ್ರದಲ್ಲಿ ಹೆಳವನ ಬಾಯಿ ಆಡುತ್ತಲ್ಲ, ಎಲ್ಲಾದರೂ ಒಂದು ಕಡೆ ಅಣ್ಣನ ಹೆಸರು ಸೇರಿಸಿಬಿಡು. ಯಾರಿಗೆ ಗೊತ್ತಾಗುತ್ತೆ?"

"ಆ ಚಿತ್ರದಲ್ಲಿ ಆತ ಹೇಳ್ತಿರೋದು ಬೇರೆಯವರ ಹೆಸರಮ್ಮ" ಎಂದಿದ್ದೆ.

ಗೋಡೆಯ ಮೇಲೆ ಹೆಳವ ಬಂದ. ಬಾಯಿ ಆಡಿಸಿದ, ಗಂಟೆ ಆಡಿಸಿದ, ಒಂದಕ್ಕೂ ಸದ್ದಿಲ್ಲ. ನಾನು ಓದಿದೆ. ಬಾವಿಯವರನ್ನು ಓದಿದೆ, ಏಳನೆಯವರನ್ನು ಓದಿದೆ, ಎಂಟನೆಯವರನ್ನು ಓದಿದೆ. ಎಲ್ಲೂ ಏನೂ ಸೇರಿಸಲಿಲ್ಲ. ಫಿಲಂ ಮುಗಿದು ಗೋಡೆ ಬೆಳ್ಳಗಾಯಿತು. ಬಿಟ್ಟುಹೋದ ಹೆಸರುಗಳನ್ನೂ ಓದಬೇಕೆಂದು ದೊಡ್ಡಪ್ಪ ಮೊದಲೇ ತಾಕೀತು ಮಾಡಿದ್ದರಿಂದ ಪ್ರೊಜೆಕ್ಟರಿನ ದೀಪ ಆರಿಸಲಿಲ್ಲ. ಆ ಬಿಳಿ ಗೋಡೆಗೆ ದೊಡ್ಡಪ್ಪನ ಹೆಸರು ಓದಿದೆ, ಅವರ ಮಕ್ಕಳದು ಓದಿದೆ, ಅಪ್ಪನದು ಓದಿದೆ. ಹಾಳೆ ಅಲ್ಲಿಗೆ ಮುಗಿಯಿತು.

ಅದನ್ನು ಮಡಿಸಿ ಕೈಯಲ್ಲಿ ಹಿಡಿದುಕೊಂಡು ಅಣ್ಣನ ಹೆಸರು ಹೇಳಿದೆ. "ಎರಡು ಗಾಲಿಯ ಮೇಲೆ ಕೈ ಬಿಟ್ಟು ಪೇಟೆ ಸುತ್ತಿದವನು" ಎಂದೆ. ರಾಗ ನನಗೆ ಬರುವುದಿಲ್ಲ, ಓದುವ ದನಿಯಲ್ಲೇ ಹೇಳಿದೆ.

"ಇದನ್ನ ಬರಿ ಅಂತ ಹೇಳಿದ್ದು ಯಾರು?" ಎಂದರು ದೊಡ್ಡಪ್ಪ ಕತ್ತಲಲ್ಲಿ.

"ಬರೆದಿಲ್ಲ ದೊಡ್ಡಪ್ಪ. ಅವತ್ತು ರೀಲು ಮುಗಿದ ಮೇಲೆ ಹೆಳವ ಹೇಳಿದ್ದು. ನೀವು ಜಗಳದಲ್ಲಿದ್ರಿ. ಅಮ್ಮ ಕೇಳಿಸಿಕೊಂಡರು, ನಾನು ಕೇಳಿಸಿಕೊಂಡೆ. ಎರಡು ಸಾಕ್ಷಿ."

ನೆಂಟರಲ್ಲಿ ಯಾರೋ ಕೆಮ್ಮಿದರು. ಹಿಂದೆ ಅಮ್ಮ ಎದ್ದು ಕಿಟಕಿಯ ಕಂಬಳಿ ಎಳೆದರು. ಬಿಸಿಲು ಒಳಗೆ ಬಂತು, ಗೋಡೆಯ ಮೇಲಿನ ಬೆಳಕು ಎಲ್ಲಿತ್ತೆಂದು ಆಮೇಲೆ ತಿಳಿಯಲಿಲ್ಲ.