ಹಸಿ ಹೊಟ್ಟಿನ ಗುಮಾನಿ

ಚಳ್ಳಕೆರೆಯ ಖಾಜಾ ಹುಸೇನ್ ಯಾರನ್ನೂ ಸುಲಭಕ್ಕೆ ನಂಬುವ ಆಸಾಮಿಯಲ್ಲ. ಸೀಲು ಒಡೆಯದ ಆಯಿಲ್ ಡಬ್ಬಿಯನ್ನೂ ಮೂಸಿ ನೋಡಿಯೇ ತರುವವನು. ಇಪ್ಪತ್ತೈದು ವರ್ಷ ಪಂಪ್‌ಸೆಟ್ಟು, ಟ್ರ್ಯಾಕ್ಟರುಗಳನ್ನು ಬಿಚ್ಚಿ ಕಟ್ಟಿದ ಮೆಕ್ಯಾನಿಕ್ಕಿಗೆ ಅಷ್ಟಾದರೂ ಗುಮಾನಿ ಇರಬೇಕು ಬಿಡಿ. ಎರಡು ವರ್ಷದ ಹಿಂದೆ ದೊಡ್ಡಉಳ್ಳಾರ್ತಿ ಕಾವಲಿನ ಹುಲ್ಲುಬಯಲಿನ ಅಂಚಿಗೆ ಪುಟ್ಟದೊಂದು ಗ್ಯಾಸ್ ಟರ್ಬೈನ್ ವಿದ್ಯುತ್ ಘಟಕ ಬಂದಾಗ ಅದನ್ನು ನೋಡಿಕೊಳ್ಳುವ ಕೆಲಸ ಅವನಿಗೆ ಸಿಕ್ಕಿತು.

ಆ ಯಂತ್ರ ಶೇಂಗಾ ಹೊಟ್ಟಿನಿಂದ ತೆಗೆದ ಗ್ಯಾಸನ್ನೂ ಉರಿಸುತ್ತದೆ, ಡೀಸೆಲ್ಲನ್ನೂ ಉರಿಸುತ್ತದೆ. ಗ್ಯಾಸಿನ ಕಸುವು ತಗ್ಗಿದರೆ ಉರಿ ಆರದಂತೆ ಕಂಪ್ಯೂಟರೇ ಅಳೆದು ಡೀಸೆಲ್ ಬೆರೆಸುತ್ತದೆ. ಕಳೆದ ತಿಂಗಳಿಂದ ಡೀಸೆಲ್ ಟ್ಯಾಂಕು ಎರಡು ಪಟ್ಟು ಬೇಗ ಬರಿದಾಗತೊಡಗಿತು. ಗ್ಯಾಸಿನಲ್ಲಿ ಕಸುವಿಲ್ಲ ಎಂದು ಪರದೆಯ ಮೇಲೆ ಬರುತ್ತಿತ್ತು, ನಿಜ. ಆದರೆ ಆ ಅಳತೆಯ ಸಾಧನವನ್ನು ಒರೆಸಿ ಕೂರಿಸುವವನೂ ಖಾಜಾನೇ. ಅವನೇ ಅದನ್ನು ಕೆಡಿಸಿಟ್ಟು ಡೀಸೆಲ್ ಕದಿಯುತ್ತಿರಬಹುದೆಂದು ಘಟಕದ ಎಂಜಿನಿಯರ್ ದಿವ್ಯಶ್ರೀ ಟ್ಯಾಂಕಿನ ಮುಚ್ಚಳಕ್ಕೆ ಬೀಗ ಹಾಕಿಸಿದಳು.

ಅವಮಾನಕ್ಕೆ ಖಾಜಾನಿಗೆ ಊಟ ಸೇರಲಿಲ್ಲ. ಈ ವಯಸ್ಸಿನಲ್ಲಿ ಡೀಸೆಲ್ ಕಳ್ಳ ಅನ್ನಿಸಿಕೊಂಡು ಹೊರಬಿದ್ದರೆ ಪೇಟೆಯಲ್ಲಿ ಯಾರು ಅವನ ಕೈಗೆ ಎಂಜಿನ್ ಕೊಡುತ್ತಾರೆ? ಮೊದಲು ಕಾವಲುಗಾರ ಯತ್ತಪ್ಪನ ಮೇಲೆ ಕಣ್ಣಿಟ್ಟ, ಆಮೇಲೆ ದಿವ್ಯಶ್ರೀಯ ಕಾರಿನ ಮೇಲೆ. ಅದು ಬ್ಯಾಟರಿ ಕಾರು ಎಂದು ತಿಳಿದು ಪೆಚ್ಚಾದ. ಕೊನೆಗೊಂದು ಬೆಳಿಗ್ಗೆ ಹೊಟ್ಟಿನ ಚೀಲದೊಳಕ್ಕೆ ಮೊಣಕೈವರೆಗೆ ಕೈ ತೂರಿಸಿದ. ಮೇಲೆಲ್ಲ ಒಣ, ಒಳಗೆ ಹಸಿ. ಹಸಿ ಹೊಟ್ಟು ಕೊಡುವ ಗ್ಯಾಸಿಗೆ ಕಸುವೆಲ್ಲಿಂದ ಬರಬೇಕು? ಹೊಟ್ಟು ಕಳಿಸುವ ಮಿಲ್ಲಿನ ಕೊಟ್ಟೂರಪ್ಪ ತೂಕಕ್ಕಾಗಿ ನೀರು ಹೊಡೆಸುತ್ತಿದ್ದಾನೆ ಎಂದು ಅವನಿಗೆ ಖಾತ್ರಿಯಾಯಿತು.

ಬೈಕ್ ಹತ್ತಿ ನೇರ ಮಿಲ್ಲಿಗೇ ಹೋದ. ಶೇಂಗಾ ಸುಲಿಯುವ ಯಂತ್ರದ ಬಳಿ ಆಳೊಬ್ಬಳು ಪೈಪು ಹಿಡಿದು ಕಾಯಿಯ ಮೇಲೆ ನೀರು ಚಿಮುಕಿಸುತ್ತಿದ್ದಳು. ಕಳ್ಳ ಸಿಕ್ಕಿಬಿದ್ದನೆಂದು ಖಾಜಾ ಬಾಯಿಗೆ ಬಂದಂತೆ ಬೈದ. ಕೊಟ್ಟೂರಪ್ಪ ಅವನು ಮುಗಿಸುವ ತನಕ ಕಾದ.

“ಹೋದ ತಿಂಗ್ಳು ಬಂದು ಕೈ ಮುಗ್ದೋನು ನೀನೇ ಅಲ್ಲೇನಪ್ಪಾ? ಧೂಳಿಗೆ ನೂರ್ ಬೀಗೆ ಉಸಿರು ಕಟ್ತೈತೆ, ನೀರು ಹೊಡಸ್ರಿ ಅಂದೆ. ಹೊಡಸ್ದೆ. ಬ್ಯಾಡ ಅಂದ್ರೆ ಇವತ್ತೇ ನಿಲ್ಲಸ್ತೀನಿ.”

ಕೇಳಿಕೊಂಡಿದ್ದು ನಿಜ; ಆ ನೀರು ಹೊಟ್ಟಿಗೂ ಇಳಿಯುತ್ತದೆಂದು ಖಾಜಾನಿಗೆ ಹೊಳೆದೇ ಇರಲಿಲ್ಲ. ಅವನ ಹೆಂಡತಿ ನೂರ್ ಬೀ ಹನ್ನೊಂದು ವರ್ಷದಿಂದ ಇದೇ ಮಿಲ್ಲಿನಲ್ಲಿ ಕಾಯಿ ಹಸನು ಮಾಡುವವಳು. ಈ ಒಂದು ತಿಂಗಳು ಮಾತ್ರ ಅವಳು ರಾತ್ರಿಯೆಲ್ಲ ಏದುತ್ತ ಗೋಡೆಗೊರಗಿ ಕೂರದೆ, ಮೈಚಾಚಿ ನಿದ್ದೆ ಮಾಡಿದ್ದಳು. ನೀರು ನಿಂತರೆ ತನ್ನ ಹೆಸರು ಉಳಿಯುತ್ತದೆ, ಯಾರಿಗೂ ಏನೂ ಹೇಳಬೇಕಾಗಿಲ್ಲ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೇ ತನ್ನ ಮೇಲೆ ಹೇಸಿಗೆಯಾಯಿತು. ನೀರು ನಿಲ್ಲಿಸಬೇಡಿ ಎಂದು ಹೇಳಿ ಹೊರಟ.

ದಿವ್ಯಶ್ರೀಯ ಮುಂದೆ ನಿಂತು ಒಂದನ್ನೂ ಮುಚ್ಚಿಡದೆ ಹೇಳಿದ. ಅವಳು ಹಿಡಿ ಹೊಟ್ಟನ್ನು ಹಿಸುಕಿ ನೋಡಿದಳು. ಎರಡು ದಿನ ಬಿಸಿಲಿಗೆ ಹರವಿದರೆ ಸಾಕು, ಆದರೆ ದಿನಾ ಅಷ್ಟೊಂದು ಚೀಲ ಹರವುವವರು ಯಾರು ಎಂದು ಕೇಳಿದಳು. ತಾನೇ ಹರವುತ್ತೇನೆ ಎಂದ ಖಾಜಾ. ಒಂದು ತಿಂಗಳಿಂದ ನಿಮ್ಮನ್ನೇ ಕಳ್ಳ ಅಂದುಕೊಂಡಿದ್ದೆ ಎಂದು ಅವಳು ತಲೆ ತಗ್ಗಿಸಿದಳು.

“ನಾನು ಯತ್ತಪ್ಪನ್ನ ಅಂದ್ಕಂಡೆ, ನಿಮ್ಮನ್ನ ಅಂದ್ಕಂಡೆ, ಕೊಟ್ಟೂರಪ್ಪನ್ನೂ ಅಂದ್ಕಂಡೆ ಮೇಡಂ,” ಎಂದ ಖಾಜಾ. “ನನ್ನೊಬ್ಬನ್ನ ಬಿಟ್ಟಿದ್ದೆ.”